ಸಿಂಗಲ್ ಕಾಯಿಲ್ಲೇ ಸಾಕಿತ್ತು ಮಾರಾಯ್ರೇ!

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಹೋದ ಭಾನುವಾರ ನಮ್ಮ ಮನೆ ಮಹಡಿ ಮೇಲೆ ನಡೆದ ಒಂದು ಮಾತುಕತೆ ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಹೊರಗೆ ಹಾಕದಿದ್ದರೆ ಸಮಾಧಾನ ಇಲ್ಲ.

ನನ್ನ ತಮ್ಮನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಾನೆ. ಭಾನುವಾರ ಭದ್ರಾವತಿಗೆ ನಮ್ಮ ಮನೆಗೆ ಬಂದಿದ್ದ. ಊಟ ಮುಗಿಸಿ ಫೋನ್ ಬಂತು ಅಂತ ಮಹಡಿಗೆ ಹೋದವನು ಇಳಿಯಲೇ ಇಲ್ಲ. ಒಣಗಿದ ಬಟ್ಟೆ ತರೋ ನೆಪದಲ್ಲಿ ನಾನು ಹೋಗಿ ನೋಡ್ತೀನಿ, ನೀರಿನ ಟ್ಯಾಂಕಿನ ಹಿಂದಿನಿಂದ ಮಾವಿನಹಣ್ಣಿನ ಘಮ ಬರ್ತಿದೆ. ಮಾವಿನ ಕಾಲ ಅಲ್ಲವೇ ಅಲ್ಲ. ಅವನ ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ಒಂಚೂರು ದೊಡ್ಡದಾದ, ಮಕ್ಕಳ ಆಟಿಕೆ ಥರದ ಬಣ್ಣಬಣ್ಣದ ಡಬ್ಬಿ.

"ದೊಡ್ಡಪ್ಪಾ, ಅಪ್ಪಂಗೆ ಹೇಳ್ಬೇಡಿ ಪ್ಲೀಸ್. ಇದು ಸಿಗರೇಟಲ್ಲ, ಬರೀ ಆವಿ. ನಾನು ಸಿಗರೇಟ್ ಮುಟ್ಟೋದೇ ಇಲ್ಲ."

ನಾನು ಏನೂ ಮಾತಾಡದೆ ಕೈ ಚಾಚಿದೆ. ಕೊಟ್ಟ. ಕೊಟ್ಟವನು ಸುಮ್ಮನಿರಬೇಕೋ ಬೇಡವೋ? ದೊಡ್ಡಪ್ಪ ಎಲೆಕ್ಟ್ರಿಕಲ್ ಮನುಷ್ಯ, ಇವರಿಗೆ ಟೆಕ್ನಿಕಲ್ ಆಗಿ ಹೇಳಿದ್ರೆ ಖುಷಿಯಾಗಬಹುದು ಅಂದುಕೊಂಡನೋ ಏನೋ, "ಇದು ಡ್ಯೂಯೆಲ್ ಮೆಶ್ ಕಾಯಿಲ್‌ದು ದೊಡ್ಡಪ್ಪ, ಸಿಂಗಲ್‌ದು ವೇಸ್ಟು" ಅಂದ.

ನನಗೆ ಮೈಯೆಲ್ಲಾ ಉರಿದುಹೋಯ್ತು. ಅವನು ಕದ್ದು ಸೇದಿದ್ದಕ್ಕಲ್ಲ. (ನಾನೇನು ಸಾಚಾ ಅಲ್ಲ. ಡಿಪ್ಲೊಮಾ ಓದುವಾಗ ಭದ್ರಾ ಹೊಳೆ ದಂಡೆ ಮೇಲೆ ಕೂತು ಏನೇನು ಸೇದಿದ್ದೀನಿ ಅಂತ ಹೊಳೆಗೇ ಗೊತ್ತು.) ಇದೇ ಮಾತನ್ನು 2013ರಲ್ಲಿ, ಇದೇ ಊರಲ್ಲಿ, ನಮ್ಮಕ್ಕನ ಮಗನ ಬಾಯಲ್ಲಿ ಕೇಳಿದ್ದೆ. "ಸಿಂಗಲ್ ಕಾಯಿಲ್ ವೇಸ್ಟು ಮಾವ, ಡ್ಯೂಯೆಲ್ ತಗೋಬೇಕು." ಆ ಮಾತಿಗೆ ನಮ್ಮ ಭಾವ ಕೊಟ್ಟ ಬೆಲೆ ನನಗೆ ಗೊತ್ತಿದೆ. ಅದಕ್ಕೇ ಉರಿದದ್ದು.

ಮುಂದೆ ಹೋಗೋ ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಇ-ಸಿಗರೇಟು ನಮ್ಮ ರಾಜ್ಯದಲ್ಲಿ 2016ರ ಜೂನ್‌ನಿಂದ, ಇಡೀ ದೇಶದಲ್ಲಿ 2019ರಿಂದ ನಿಷೇಧ. ತಯಾರಿಸೋದು, ತರಿಸೋದು, ಮಾರೋದು, ಸಾಗಿಸೋದು, ದಾಸ್ತಾನು ಇಡೋದು, ಜಾಹೀರಾತು ಮಾಡೋದು ಎಲ್ಲಾ ಅಪರಾಧ. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಇದು "ಯಾವುದು ಕೊಳ್ಳಬೇಕು" ಅಂತ ಹೇಳೋ ಬರಹ ಅಲ್ಲ. ಯಾಕೆ ಜಗಳ ಆಡ್ತಿದ್ದೀನಿ ಅಂತ ಹೇಳೋ ಬರಹ.

ಈಗ ಭಾವನ ಕಥೆ.

ಭಾವ ಪೇಪರ್ ಮಿಲ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದರು. ಪಾಳಿ ಕೆಲಸ. ದಿನಕ್ಕೆ ಎರಡು ಕಟ್ಟು ಬೀಡಿ, ಸಂಬಳದ ದಿನ ಮಾತ್ರ ಸಿಗರೇಟು. ಬೆಳಗ್ಗೆ ಎದ್ದ ತಕ್ಷಣ ಅವರು ಕೆಮ್ಮೋ ಸದ್ದಿಗೆ ಪಕ್ಕದ ಮನೆಯವರು ಗಡಿಯಾರ ನೋಡದೆ ಹಾಲಿಗೆ ಹೊರಡ್ತಿದ್ದರು ಅಂತ ಅಕ್ಕ ತಮಾಷೆ ಮಾಡೋಳು. ಬೀಡಿ ಬಿಡಿಸೋಕೆ ಮಾಡದ ಪ್ರಯತ್ನ ಇಲ್ಲ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿ ಬಂದರು, ಕೊಟ್ಟಿಗೆಹಾರದ ಹತ್ರ ಬಸ್ಸು ನಿಲ್ಲಿಸಿದಾಗ ಒಂದು ಹಚ್ಚಿದರು. ಏಲಕ್ಕಿ ಅಗಿದರು, ಲವಂಗ ಅಗಿದರು, ನಿಕೋಟಿನ್ ಗಮ್ ಅಗಿದು "ಬಾಯೆಲ್ಲಾ ಮೆಣಸಿನಕಾಯಿ" ಅಂತ ಉಗಿದರು.

2012ರಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಒಂದು ಇ-ಸಿಗರೇಟಿನ ಕಿಟ್ ತಂದುಕೊಟ್ಟ. ಪೆನ್ನಿನ ಥರ ಬ್ಯಾಟರಿ, ಅದರ ತಲೆಗೆ ತಿರುಗಿಸಿ ಕೂರಿಸೋ ಕಾರ್ಟೊಮೈಜರ್. ಈಗಿನ ಹುಡುಗರು ಇದನ್ನು ನೋಡಿರಲ್ಲ, ಸ್ವಲ್ಪ ಹೇಳ್ತೀನಿ. ಕಾರ್ಟ್ರಿಜ್ ಮತ್ತು ಅಟೊಮೈಜರ್ ಎರಡನ್ನೂ ಒಂದೇ ಕೊಳವೆಯಲ್ಲಿ ಸೇರಿಸಿದ್ದಕ್ಕೆ ಆ ಹೆಸರು. ಸಣ್ಣ ಲೋಹದ ಕೊಳವೆ, ಒಳಗೆ ದಿಂಬಿಗೆ ತುಂಬೋ ಅಂಥ ಪಾಲಿಯೆಸ್ಟರ್ ಅರಳೆ, ಅದರ ನಡುವೆ ಸಿಲಿಕಾ ದಾರದ ಬತ್ತಿ, ಬತ್ತಿಯ ಸುತ್ತ ಕೂದಲಿನಷ್ಟು ತೆಳ್ಳಗಿನ ನೈಕ್ರೋಮ್ ತಂತಿಯ ಸುರುಳಿ. ಅರಳೆಗೆ ಸುಮಾರು ಒಂದು ಎಂಎಲ್ ದ್ರವ ಹೀರಿಸ್ತೀರಿ. ಗುಂಡಿ ಒತ್ತಿದರೆ ಸುರುಳಿ ಕಾಯುತ್ತೆ, ಬತ್ತಿಯಲ್ಲಿನ ದ್ರವ ಆವಿಯಾಗುತ್ತೆ, ಎಳೀತೀರಿ. ದೇವರ ದೀಪದ ಬತ್ತಿ, ಕರೆಂಟ್ ಒಲೆಯ ಕಾಯಿಲ್ಲು, ಎರಡನ್ನೂ ಮದುವೆ ಮಾಡಿಸಿದ ಹಾಗೆ. ಇಂಥ ಯಂತ್ರಕ್ಕೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಅನ್ನೋರು 1963ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರಂತೆ, ಯಾರೂ ಕೊಳ್ಳಲಿಲ್ಲ. ಅದನ್ನು ನಿಜವಾಗಿ ಮಾರುಕಟ್ಟೆಗೆ ಬರೋ ಹಾಗೆ ಮಾಡಿದವರು ಚೀನಾದ ಹೊನ್ ಲಿಕ್, 2003ರಲ್ಲಿ. ಔಷಧಶಾಸ್ತ್ರ ಓದಿದ ಮನುಷ್ಯ, ತಾನೇ ಸಿಗರೇಟು ಬಿಡಲಾಗದೆ ಒದ್ದಾಡ್ತಿದ್ದವರು. ಇದನ್ನು ನೆನಪಿಟ್ಕೊಳ್ಳಿ. ಈ ವಸ್ತು ಹುಟ್ಟಿದ್ದು ಬಿಡಲಾಗದವರಿಗೋಸ್ಕರ.

ಭಾವನಿಗೆ ಬಂದದ್ದು ಸಿಂಗಲ್ ಕಾಯಿಲ್, ಸುಮಾರು 3 ಓಮ್. ದ್ರವ 24 ಎಂಜಿ, ಅಂದರೆ ಒಂದು ಎಂಎಲ್‌ಗೆ 24 ಮಿಲಿಗ್ರಾಂ ನಿಕೋಟಿನ್. ಮೊದಲ ವಾರ ಬೈದರು. "ಇದೆಂತದಯ್ಯಾ, ಹೊಗೆನೇ ಇಲ್ಲ, ಚಾ ಲೋಟದ ಹಬೆ ಕುಡಿದ ಹಾಗಿದೆ." ಎರಡನೇ ವಾರ ಬೀಡಿ ಒಂದು ಕಟ್ಟಿಗೆ ಇಳೀತು. ಎರಡನೇ ತಿಂಗಳಿಗೆ ಬೀಡಿ ಇಲ್ಲ! ದ್ರವವನ್ನು 24ರಿಂದ 18ಕ್ಕೆ ತಂದೆವು. ಬೆಳಗಿನ ಕೆಮ್ಮು ಕಮ್ಮಿ ಆಯ್ತು, ಪಕ್ಕದ ಮನೆಯವರು ಗಡಿಯಾರ ಕೊಳ್ಳಬೇಕಾಯ್ತು :-) ಐದು ತಿಂಗಳು ಹೀಗೇ ನಡೀತು. ಇದು ಪವಾಡ ಅಂತ ನಾನು ಹೇಳ್ತಿಲ್ಲ. ಒಬ್ಬ ಮನುಷ್ಯನ ಕಥೆಯಿಂದ ಏನೂ ಸಾಬೀತಾಗಲ್ಲ ಅಂತಲೂ ಗೊತ್ತು. ಆದರೆ ಆ ಐದು ತಿಂಗಳು ಅಕ್ಕನ ಮುಖ ನೋಡಿದವನು ನಾನು.

ಆಮೇಲೆ ಬಂತು ನೋಡಿ, ಅಪ್‌ಗ್ರೇಡು.

2013ರ ಗೌರಿ ಹಬ್ಬಕ್ಕೆ ಬಂದ ಮಗರಾಯ ಅಪ್ಪನಿಗೆ ಡ್ಯೂಯೆಲ್ ಕಾಯಿಲ್ ಕಾರ್ಟೊಮೈಜರ್‌ಗಳ ಡಬ್ಬಿ ತಂದ. ಬೆಂಗಳೂರಿನ ಯಾವುದೋ ಅಂಗಡಿ, ಹೆಸರು ಬೇಡ. ಅಂಗಡಿಯವನು ಹೇಳಿದ್ದನ್ನೆಲ್ಲ ಇವನು ಗಿಣಿಪಾಠ ಒಪ್ಪಿಸಿದ. ಡಬಲ್ ಹೊಗೆ, ಡಬಲ್ ರುಚಿ, ಗಂಟಲಿಗೆ ಡಬಲ್ ಹೊಡೆತ, ಸಿಂಗಲ್ ಹಳೇ ಕಾಲದ್ದು.

ಲೆಕ್ಕ ಹಾಕೋಣ, ಇದಕ್ಕೆ ಇಂಜಿನಿಯರಿಂಗ್ ಬೇಕಿಲ್ಲ, ಹೈಸ್ಕೂಲಿನ ಓಮ್ಸ್ ನಿಯಮ ಸಾಕು. ಬ್ಯಾಟರಿ 3.7 ವೋಲ್ಟ್. ಸಿಂಗಲ್ ಕಾಯಿಲ್ 3 ಓಮ್. ಕರೆಂಟು 1.23 ಆಂಪಿಯರ್, ಪವರ್ ಸುಮಾರು ನಾಲ್ಕೂವರೆ ವ್ಯಾಟ್. ಡ್ಯೂಯೆಲ್‌ನಲ್ಲಿ ಇಂಥದೇ ಎರಡು ಕಾಯಿಲ್ಲು ಪ್ಯಾರಲಲ್ ಆಗಿ ಕೂತಿರುತ್ತೆ. ಒಟ್ಟು 1.5 ಓಮ್, ಕರೆಂಟು 2.47 ಆಂಪಿಯರ್, ಪವರ್ ಒಂಬತ್ತು ವ್ಯಾಟ್ ಚಿಲ್ಲರೆ. ಗಮನಿಸಿ, ಒಂದೊಂದು ಕಾಯಿಲ್ಲಿಗೆ ಸಿಗೋದು ಮೊದಲಿನ ನಾಲ್ಕೂವರೆ ವ್ಯಾಟೇ. ಕಾಯಿಲ್ಲು ಹೆಚ್ಚು ಜಾಣ ಆಗಲಿಲ್ಲ, ರುಚಿ ಹೆಚ್ಚೋಕೆ ಅದರಲ್ಲಿ ಹೊಸದೇನೂ ಬರಲಿಲ್ಲ. ಒಂದು ಒಲೆ ಇದ್ದಲ್ಲಿ ಎರಡು ಒಲೆ ಹಚ್ಚಿದರು ಅಷ್ಟೇ. ಆದರೆ ಸೌದೆ ರಾಶಿ ಒಂದೇ! ಬ್ಯಾಟರಿ ಅದೇ 650 ಎಂಎಎಚ್. ಸಿಂಗಲ್‌ನಲ್ಲಿ ಗುಂಡಿ ಒತ್ತಿ ಹಿಡಿದರೆ ಲೆಕ್ಕದ ಪ್ರಕಾರ ಅರ್ಧ ಗಂಟೆ ಮೇಲೆ ಬರೋದು, ಡ್ಯೂಯೆಲ್‌ನಲ್ಲಿ ಹದಿನಾರು ನಿಮಿಷಕ್ಕೆ ಖಾಲಿ. ಒಂದು ಎಳೆತಕ್ಕೆ ಮೂರು ಸೆಕೆಂಡು ಅಂದುಕೊಂಡರೆ ಆರುನೂರು ಚಿಲ್ಲರೆ ಎಳೆತ ಇದ್ದದ್ದು ಮುನ್ನೂರು ಚಿಲ್ಲರೆಗೆ ಬಂತು. ದ್ರವವೂ ಹೆಚ್ಚುಕಮ್ಮಿ ಎರಡರಷ್ಟು ಖರ್ಚು. ಅರಳೆ ಮಾತ್ರ ಅಷ್ಟೇ ಇದೆ, ಅದು ಎರಡು ಬತ್ತಿಗೂ ಹೊತ್ತಿಗೆ ಸರಿಯಾಗಿ ದ್ರವ ಒದಗಿಸಬೇಕು. ಒದಗಿಸದಿದ್ದರೆ? ಒಣಗಿದ ಬತ್ತಿ ಸುಟ್ಟ ವಾಸನೆ, ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಅರಳೆ. ಒಮ್ಮೆ ಎಳೆದವರಿಗೆ ಜನ್ಮದಲ್ಲಿ ಮರೆಯಲ್ಲ.

ದ್ರವ ಸುಡೋದು ಬರೀ ರುಚಿಯ ವಿಷಯ ಅಲ್ಲ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಪತ್ರ ಬಂದು ದೊಡ್ಡ ಗದ್ದಲ ಆಗಿತ್ತು. ಕಡಿಮೆ ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್, 5 ವೋಲ್ಟಿಗೆ ಏರಿಸಿದಾಗ ಕಂಡಿತ್ತು. ಅಷ್ಟು ಕಾಯಿಸಿದ ಆವಿಯನ್ನು ಯಾರೂ ಎಳೆಯಲಾರರು, ಅದು ಒಣ ಸುಡು ಅಂತ ಇನ್ನೊಂದು ಕಡೆಯವರು ವಾದ ಮಾಡಿದರು. ಇಬ್ಬರ ಮಾತಿನಿಂದಲೂ ನನಗೆ ಅರ್ಥ ಆಗಿದ್ದು ಒಂದೇ. ಹೆಚ್ಚು ಕಾಯಿಸಬೇಡ, ಒಣಗಲು ಬಿಡಬೇಡ. ಅಂಗಡಿಯವನು ಮಾರ್ತಿದ್ದದ್ದು ಅದಕ್ಕೆ ಉಲ್ಟಾ.

ಹಬ್ಬದ ದಿನದ ತಮಾಷೆ ಕೇಳಿ. ಅಳಿಯ ತನ್ನದನ್ನು ತೋರಿಸ್ತಾ "ಇದು ಡ್ಯೂಯೆಲ್ ಮಾವ, ಹತ್ತು ದಿನದಿಂದ ಇದೇ, ಇನ್ನು ಸಿಂಗಲ್‌ಗೆ ವಾಪಸ್ ಹೋಗೋ ಮಾತೇ ಇಲ್ಲ" ಅಂದ. ನನ್ನ ಚೀಲದಲ್ಲಿ ಮಲ್ಟಿಮೀಟರ್ ಇತ್ತು. (ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನನ್ನ ಕೆಲಸ. ಹಬ್ಬಕ್ಕೆ ಹೋದರೂ ಯಾರದ್ದಾದರೂ ಮಿಕ್ಸಿ ನನಗಾಗಿ ಕಾದಿರುತ್ತೆ.) ಕಾರ್ಟೊಮೈಜರ್ ಬಿಚ್ಚಿಸಿ ಮೀಟರಿನ ಎರಡು ಮುಳ್ಳು ಇಟ್ಟೆ. 3.1 ಓಮ್. ಡಬ್ಬಿ ಮೇಲೆ 1.5 ಅಂತ ಅಚ್ಚಾಗಿದೆ. "ನಿಮ್ಮ ಮೀಟರ್ ಸರಿ ಇಲ್ಲ ಮಾವ." ಮುಳ್ಳು ಮುಳ್ಳು ಸೇರಿಸಿ ತೋರಿಸಿದೆ, 0.2. ಡಬ್ಬಿಯಿಂದ ಹೊಸದೊಂದು ತೆಗೆದು ಇಟ್ಟೆ, 1.7. ಮೀಟರ್ ಸರಿಯಾಗಿಯೇ ಇದೆ. ಅವನ ಎದುರೇ ಬ್ಲೇಡು, ಇಕ್ಕಳ ಹಿಡಿದು ಹಳೆಯದನ್ನು ಸೀಳಿದೆ. ಒಳಗೆ ಎರಡು ಸುರುಳಿ ಇತ್ತು ನಿಜ, ಒಂದರ ಕಾಲು ಬೆಸುಗೆಯ ಹತ್ರ ಕಟ್ಟಾಗಿತ್ತು. ಅಂದರೆ ಇವನು ಎಷ್ಟು ದಿನದಿಂದಲೋ ಸೇದ್ತಾ ಇದ್ದದ್ದು ಸಿಂಗಲ್ ಕಾಯಿಲ್ಲು! ಡಬಲ್ ರುಚಿ ಇದ್ದದ್ದು ಡಬ್ಬಿ ಮೇಲಿನ ಅಕ್ಷರದಲ್ಲಿ.

ಅವತ್ತು ಎಲ್ಲರೂ ನಕ್ಕೆವು. ಭಾವನೂ ನಕ್ಕರು. ಆದರೆ ಮಗ ಪ್ರೀತಿಯಿಂದ ತಂದದ್ದು, ಬೇಡ ಅನ್ನೋದು ಹೇಗೆ? ಅವತ್ತು ರಾತ್ರಿ ಪಾಳಿಗೆ ಹೊಸ ಡ್ಯೂಯೆಲ್ ಹಾಕ್ಕೊಂಡು ಹೋದರು. ಒಳಗಿನ ದ್ರವ ಅದೇ 18 ಎಂಜಿ.

ನಡುರಾತ್ರಿ ಫೋನ್. ಬೆವರು, ತಲೆ ಸುತ್ತು, ಎರಡು ಸಲ ವಾಂತಿ. ಎದೆಯದ್ದೇ ತೊಂದರೆ ಅಂತ ಹೆದರಿ ಓಡಿದೆವು. ಇಸಿಜಿ ಎಲ್ಲಾ ಸರಿ. ನಿಕೋಟಿನ್ ಹೆಚ್ಚಾಗಿತ್ತು ಅಷ್ಟೇ. ವ್ಯಾಟ್ ಎರಡರಷ್ಟಾದರೆ ಪ್ರತಿ ಎಳೆತಕ್ಕೆ ಆವಿ ಹೆಚ್ಚು, ಆವಿ ಹೆಚ್ಚಾದರೆ ಅದರಲ್ಲಿ ಬರೋ ನಿಕೋಟಿನ್ನೂ ಹೆಚ್ಚು, ಆದ್ದರಿಂದ ದ್ರವದ ಎಂಜಿ ಇಳಿಸಬೇಕು ಅನ್ನೋ ಒಂದು ಸಾಲು ಆ ಡಬ್ಬಿ ಮೇಲೆ ಎಲ್ಲೂ ಇರಲಿಲ್ಲ. ಅಂಗಡಿಯವನೂ ಹೇಳಿರಲಿಲ್ಲ. ನಾನೂ ಯೋಚಿಸಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ. ಮಧ್ಯಾಹ್ನವಷ್ಟೇ ವ್ಯಾಟ್ ಲೆಕ್ಕ ಹಾಕಿ ಜಂಬ ಪಟ್ಟವನು ನಾನು!

ಆಮೇಲೆ ದ್ರವವನ್ನು 6 ಎಂಜಿಗೆ ಇಳಿಸಿ ನೋಡಿದರು. ವಾಂತಿ ನಿಂತಿತು, ಬ್ಯಾಟರಿ ನಿಲ್ಲಲಿಲ್ಲ. ನಿಜವಾದ ಏಟು ಬಿದ್ದದ್ದು ಇಲ್ಲಿ, ಯಾವ ವಿಮರ್ಶೆಯಲ್ಲೂ ಯಾರೂ ಬರೆಯದ ಜಾಗದಲ್ಲಿ. ಎಂಟು ಗಂಟೆ ಪಾಳಿ. ಸಿಂಗಲ್ ಕಾಯಿಲ್ ಇದ್ದಾಗ ಬ್ಯಾಟರಿ ಪಾಳಿ ಮುಗಿಯೋವರೆಗೂ ಬರ್ತಿತ್ತು. ಡ್ಯೂಯೆಲ್ ಬಂದ ಮೇಲೆ ನಾಲ್ಕು ಗಂಟೆಗೆ ಕೆಂಪು ದೀಪ ಮಿಣುಕೋದು. ಎ.ಸಿ. ಆಫೀಸಿನಲ್ಲಿ ಕೂತವನಿಗೆ ಕಂಪ್ಯೂಟರಿನ ಪಕ್ಕದಲ್ಲೇ ಚಾರ್ಜರ್ ಇರುತ್ತೆ. ಮಿಲ್ಲಿನಲ್ಲಿ ರಾತ್ರಿ ಎರಡು ಗಂಟೆಗೆ ಭಾವ ಎಲ್ಲಿ ಚಾರ್ಜ್ ಮಾಡಬೇಕು? ಪಕ್ಕದಲ್ಲಿ ನಿಂತವನ ಜೇಬಿನಲ್ಲಿ ಬೀಡಿ ಇದೆ. ಬೀಡಿಗೆ ಚಾರ್ಜ್ ಬೇಕಿಲ್ಲ, ಓಮ್ ಬೇಕಿಲ್ಲ, ಮಲ್ಟಿಮೀಟರ್ ಬೇಕಿಲ್ಲ.

ಮೊದಲು ಒಂದು. ಆಮೇಲೆ ಪಾಳಿಗೆ ಎರಡು. ದೀಪಾವಳಿ ಹೊತ್ತಿಗೆ ಒಂದು ಕಟ್ಟು.

ಡ್ಯೂಯೆಲ್ ಕಾಯಿಲ್ ಪರ ಇರೋರ ಮಾತೂ ಹೇಳಿಬಿಡ್ತೀನಿ, ನ್ಯಾಯ ಅಂದ್ರೆ ನ್ಯಾಯ. ಮೊದಮೊದಲ ಇ-ಸಿಗರೇಟುಗಳು ತೀರಾ ದುರ್ಬಲ ಆಗಿದ್ದವು, ಅದರಿಂದ ತೃಪ್ತಿಯಾಗದೆ ಎಷ್ಟೋ ಜನ ವಾಪಸ್ ಸಿಗರೇಟಿಗೆ ಹೋದರು, ಅದಕ್ಕೇ ಹೆಚ್ಚು ಪವರ್ ಬೇಕಾಯ್ತು ಅಂತಾರೆ. ಆ ಸಿಗರೇಟಿನ ಗಾತ್ರದ, ಕಡ್ಡಿ ಥರದ ಸಾಧನಗಳ ಮಟ್ಟಿಗೆ ಮಾತು ನಿಜ. ಅವುಗಳಿಂದ ರಕ್ತಕ್ಕೆ ಸೇರ್ತಿದ್ದ ನಿಕೋಟಿನ್ ಕಮ್ಮಿಯೇ. ಆದರೆ ತೃಪ್ತಿ ಆಗದವನಿಗೆ ಬೇಕಾದದ್ದು ಸರಿಯಾದ ಎಂಜಿ, ಪೂರ್ತಿ ದಿನ ಬರೋ ಬ್ಯಾಟರಿ, ಕೈಕೊಡದ ಬತ್ತಿ. ಮಾರುಕಟ್ಟೆ ಕೊಟ್ಟದ್ದು ಏನು? ಮೋಡ! ಯಾರ ಮೂಗಿನಿಂದ ದೊಡ್ಡ ಮೋಡ ಬರುತ್ತೆ ಅಂತ ಪೈಪೋಟಿ. ಮಾವು, ಬಬಲ್ ಗಮ್, ಐಸ್‌ಕ್ರೀಂ. ಬಿಡಬೇಕು ಅಂತ ಬಂದ ಐವತ್ತರ ಮನುಷ್ಯನಿಗೆ ಬಬಲ್ ಗಮ್ ಯಾಕೆ? ಅದು ಯಾರಿಗೆ ಹಾಕಿದ ಗಾಳ ಅಂತ ಮೀನಿಗೂ ಗೊತ್ತಾಗುತ್ತೆ.

ನನ್ನ ಜಗಳ ಇರೋದೇ ಇಲ್ಲಿ. ಈ ವಸ್ತುವಿಗೆ ಇದ್ದದ್ದು ಒಂದೇ ಸಮರ್ಥನೆ, ಬೀಡಿ ಸಿಗರೇಟಿನಿಂದ ಇಳಿಯೋಕೆ ಏಣಿ ಅನ್ನೋದು. ಆ ಏಣಿಯನ್ನು ಇವರೇ ಕಿತ್ತು ಜಾರುಬಂಡೆ ಮಾಡಿದರು. ಆಮೇಲೆ ಸರ್ಕಾರ "ಮಕ್ಕಳು ಹಾಳಾಗ್ತಿದ್ದಾರೆ" ಅಂತ ಮುಚ್ಚಿಸಿದಾಗ "ಅಯ್ಯೋ, ಬಿಡೋರ ಗತಿ ಏನು" ಅಂತ ಅತ್ತರು. ಬಿಡೋರ ಗತಿ ನಿಮಗೆ ನೆನಪಾದದ್ದು ಅವತ್ತೇನಾ?

ಹಾಗಂತ ಸರ್ಕಾರವನ್ನು ಸುಮ್ಮನೆ ಬಿಡ್ತೀನಿ ಅಂದುಕೊಂಡಿರಾ? :-)

ಭಾವ 2014ರಲ್ಲಿ ಮತ್ತೆ ಸಿಂಗಲ್ ಕಾಯಿಲ್ಲಿಗೆ ಬಂದರು. ನಾನೇ ಹುಡುಕಿ ತರಿಸಿಕೊಡ್ತಿದ್ದೆ. ಪೂರ್ತಿ ಬಿಡಲಿಲ್ಲ, ಆದರೆ ಬೀಡಿ ದಿನಕ್ಕೆ ನಾಲ್ಕೈದಕ್ಕೆ ನಿಂತಿತ್ತು. 2015ರಲ್ಲಿ ಪೇಪರ್ ಮಿಲ್ಲಿನ ಉತ್ಪಾದನೆ ನಿಂತಿತು. 1936ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಂಪನಿ. ಊರಿಗೆ ಊರೇ ಮಂಕಾಯ್ತು. ಐವತ್ತು ದಾಟಿದ ಕಾಂಟ್ರಾಕ್ಟ್ ಕೆಲಸಗಾರನಿಗೆ ಮನೆಯಲ್ಲಿ ಕೂತು ಮಾಡೋಕೆ ಏನಿದೆ? ಚಾ, ಬೀಡಿ, ರಂಗಪ್ಪ ಸರ್ಕಲ್ಲು. ಹಾಗಿರುವಾಗ 2016ರ ಜೂನ್ ಬಂತು, ರಾಜ್ಯದಲ್ಲಿ ನಿಷೇಧ. ಕಾರ್ಟೊಮೈಜರ್ ತರಿಸೋ ದಾರಿ ಬಂದ್. ನಾನು ಕಾನೂನು ಮುರಿಯೋ ಗಂಡಸಲ್ಲ, ಅಲ್ಲಿಗೆ ನಿಲ್ಲಿಸಿದೆ. ಅವತ್ತು ಸಂಜೆ ಅಂಗಡಿಗೆ ಹೋದರೆ ಬೀಡಿ ಇತ್ತು, ಸಿಗರೇಟು ಇತ್ತು, ಕಟ್ಟಿದ ದಾರದ ತುದಿಯಲ್ಲಿ ಕಿಡಿ ಹಚ್ಚಿ ಇಟ್ಟಿದ್ದೂ ಇತ್ತು. ಯಾವುದಕ್ಕೂ ನಿಷೇಧ ಇಲ್ಲ.

2019ರ ಸೆಪ್ಟೆಂಬರ್ 18ರಂದು ಕೇಂದ್ರ ಸುಗ್ರೀವಾಜ್ಞೆ ತಂತು, ಡಿಸೆಂಬರ್‌ನಲ್ಲಿ ಕಾಯ್ದೆ ಆಯ್ತು. ಅಮೆರಿಕದಲ್ಲಿ ಆಗ ವೇಪಿಂಗ್‌ನಿಂದ ಶ್ವಾಸಕೋಶ ಕೆಟ್ಟು ಜನ ಆಸ್ಪತ್ರೆ ಸೇರ್ತಿದ್ದ ಸುದ್ದಿ ಜೋರಾಗಿತ್ತು. 2020ರ ಫೆಬ್ರವರಿ ಹೊತ್ತಿಗೆ 2,807 ರೋಗಿಗಳು, 68 ಸಾವು. ಬಹುಪಾಲು ಪ್ರಕರಣಗಳ ಹಿಂದೆ ಇದ್ದದ್ದು ಗಾಂಜಾ ಅಂಶದ ಕಳ್ಳ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಅಂತ ಆಮೇಲೆ ತಿಳೀತು. ಅಂದರೆ ಕಳ್ಳ ಮಾಲು ಹೆಚ್ಚು ಅಪಾಯ ಅನ್ನೋ ಪಾಠ. ನಾವು ಮಾಡಿದ್ದು ಏನು? ಇಡೀ ಮಾಲನ್ನೇ ಕಳ್ಳ ಮಾಲು ಮಾಡಿದ್ದು.

ಇತ್ತ ತಂಬಾಕು ಮಂಡಳಿ 1976ರಿಂದ ಇದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದ ತಂಬಾಕನ್ನು ಹರಾಜು ಹಾಕಿಸೋದು ಕೇಂದ್ರ ಸರ್ಕಾರದ್ದೇ ಸಂಸ್ಥೆ. ದೇಶದ ಅತಿದೊಡ್ಡ ಸಿಗರೇಟು ಕಂಪನಿ ಐಟಿಸಿಯಲ್ಲಿ ಎಲ್‌ಐಸಿಯ ದೊಡ್ಡ ಪಾಲಿದೆ. ಬೆಳೆಗಾರರ ಹೊಟ್ಟೆಪಾಡು ನನಗೂ ಅರ್ಥ ಆಗುತ್ತೆ. ನಾನೂ ಅಡಿಕೆ ಸೀಮೆಯವನೇ, ಗುಟ್ಕಾ ನಿಷೇಧ ಅಂದ ತಕ್ಷಣ ಅಡಿಕೆ ಮಂಡಿಯಲ್ಲಿ ಯಾರ್ಯಾರ ಮುಖ ಹೇಗಾಗುತ್ತೆ ಗೊತ್ತು. ಆದರೆ ಹೊಗೆ ಬರೋದನ್ನು ಹರಾಜು ಹಾಕಿ, ಆವಿ ಬರೋದಕ್ಕೆ ಜೈಲು ಅಂದರೆ, ಆರೋಗ್ಯ ಅನ್ನೋ ಪದವನ್ನು ಸ್ವಲ್ಪ ಮೆಲ್ಲಗೆ ಹೇಳಬೇಕಾಗುತ್ತೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 22.8 ಶೇಕಡ ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸ್ತಾರೆ. ಇವರಲ್ಲಿ ಬಿಡಬೇಕು ಅಂತ ಇರೋರಿಗೆ ನಮ್ಮ ತಾಲ್ಲೂಕಿನಲ್ಲಿ ಹೋಗಿ ಕೂರೋಕೆ ಎಷ್ಟು ಬಾಗಿಲು ತೆರೆದಿದೆ ಹೇಳಿ ನೋಡೋಣ.

ಗುಟ್ಕಾ ಅಂದಾಗ ನೆನಪಾಯ್ತು. 2013ರ ಮೇ ಕೊನೆಯಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಆಮೇಲೆ ಏನಾಯ್ತು? ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡ್ತಾನೆ, ಗಿರಾಕಿ ಅಂಗೈಯಲ್ಲಿ ಬೆರೆಸಿಕೊಳ್ತಾನೆ. ಗೋಪಿ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಎಷ್ಟು ಅಂಗೈ ಬೇಕಾದ್ರೂ ನೋಡಬಹುದು. ನಮ್ಮೂರಿನ ಅಸಲಿ ಡ್ಯೂಯೆಲ್ ಕಾಯಿಲ್ಲು ಅದು!

ಬೇರೆ ದೇಶಗಳ ಕಥೆ ಕೇಳಿ. ಇಂಗ್ಲೆಂಡಿನವರು ಸಿಗರೇಟು ಬಿಡೋಕೆ ಇದನ್ನು ಬಳಸಿ ಅಂತ ಸರ್ಕಾರವೇ ಹೇಳೋ ಹಾದಿ ಹಿಡಿದರು. ಆದರೂ ಬಳಸಿ ಬಿಸಾಡೋ ಡಬ್ಬಿಗಳು ಶಾಲೆ ಮಕ್ಕಳ ಚೀಲ ಸೇರಿದ ಮೇಲೆ, 2025ರ ಜೂನ್ 1ರಿಂದ ಅವನ್ನು ಮಾತ್ರ ನಿಷೇಧಿಸಿದರು. ವಿಶ್ವ ಆರೋಗ್ಯ ಸಂಸ್ಥೆಯವರು ಇ-ಸಿಗರೇಟನ್ನು ಒಪ್ಪಲ್ಲ. ಕಾಕ್ರೇನ್ ಅನ್ನೋ ಸಂಶೋಧಕರ ಬಳಗ, ಬಿಡೋಕೆ ಗಮ್ಮು ಪಟ್ಟಿಗಳಿಗಿಂತ ನಿಕೋಟಿನ್ ಇ-ಸಿಗರೇಟು ಹೆಚ್ಚು ಜನಕ್ಕೆ ನೆರವಾಗುತ್ತೆ ಅಂತ ಬಲವಾದ ಪುರಾವೆ ಇದೆ ಅನ್ನುತ್ತೆ, ಬಹಳ ವರ್ಷ ಸೇದಿದರೆ ಏನಾಗುತ್ತೆ ಅನ್ನೋದಕ್ಕೆ ಇನ್ನೂ ಸಾಕಷ್ಟು ಮಾಹಿತಿ ಇಲ್ಲ ಅಂತಲೂ ಅನ್ನುತ್ತೆ. ಇಷ್ಟು ಗೋಜಲಿನ ವಿಷಯವನ್ನು ನಾವು ಒಂದೇ ಏಟಿಗೆ ಮುಗಿಸಿದೆವು. ಡಾಕ್ಟರ ಚೀಟಿ ಮೇಲೆ, ಮೆಡಿಕಲ್ ಸ್ಟೋರಿನಲ್ಲಿ, ರುಚಿ ಇಲ್ಲದ, ಸಿಂಗಲ್ ಕಾಯಿಲ್ಲಿನ, ಅಳತೆ ಬರೆದ ಒಂದು ಸಾಧನವನ್ನು ಬೀಡಿ ಬಿಡೋ ಮನುಷ್ಯನಿಗೆ ಮಾತ್ರ ಕೊಟ್ಟಿದ್ದರೆ ಆಕಾಶ ಬೀಳ್ತಿತ್ತಾ? ನನ್ನ ಪ್ರಶ್ನೆ ಇಷ್ಟೇ.

ಈಗ ಮಹಡಿ ಮೇಲಿನ ಹುಡುಗನ ಹತ್ರ ವಾಪಸ್ ಬರೋಣ.

ಡಬ್ಬಿ ತಿರುಗಿಸಿ ನೋಡಿದೆ. ನಿಕೋಟಿನ್ 5 ಶೇಕಡ. ಅಂದರೆ ಒಂದು ಎಂಎಲ್‌ಗೆ 50 ಮಿಲಿಗ್ರಾಂ. ನಮ್ಮ ಭಾವ, ಮೂವತ್ತು ವರ್ಷ ಎರಡು ಕಟ್ಟು ಬೀಡಿ ಸೇದಿದ ಗಟ್ಟಿ ಮನುಷ್ಯ, 24ರಿಂದ ಶುರುಮಾಡಿ ಕೆಳಗೆ ಇಳೀತಿದ್ದರು. ಒಂದೂ ಸಿಗರೇಟು ಸೇದದ ಈ ಹುಡುಗ 50ರಿಂದ ಶುರುಮಾಡಿದ್ದಾನೆ! ಭಾವನ ಕಾಲದ ದ್ರವ ಇಷ್ಟು ಗಟ್ಟಿ ಇದ್ದಿದ್ದರೆ ಗಂಟಲು ಹರಿದುಹೋಗ್ತಿತ್ತು. ಈಗಿನದಕ್ಕೆ ಬೆಂಜೋಯಿಕ್ ಆಸಿಡ್‌ನಂಥದ್ದು ಸೇರಿಸಿ ನಿಕೋಟಿನ್ ಸಾಲ್ಟ್ ಅಂತ ಮಾಡಿರ್ತಾರೆ, ಗಂಟಲಿಗೆ ಗೊತ್ತೇ ಆಗಲ್ಲ. ಗಂಟಲು ಅನ್ನೋ ಕಾವಲುಗಾರನಿಗೆ ನಿದ್ದೆ ಬರಿಸಿ ಒಳಗೆ ಹೋಗೋ ಉಪಾಯ. ಸುರುಳಿ ಹೋಗಿ ಜರಡಿ ಥರದ ತಗಡು ಬಂದಿದೆ, ಮೆಶ್ ಅಂದರೆ ಅದು. ಅದೂ ಎರಡು.

ಒಳಗಿರೋದು 5 ಶೇಕಡವೇ ಅಂತ ಯಾರು ಅಳೆದಿದ್ದಾರೆ? ಯಾರೂ ಇಲ್ಲ. ಭಾವನ ಕಾರ್ಟೊಮೈಜರನ್ನು ನಾನು ಬಿಚ್ಚಿ ಮೀಟರ್ ಇಟ್ಟು ನೋಡಬಹುದಿತ್ತು, ಇದನ್ನು ಬಿಚ್ಚೋ ಹಾಗೂ ಇಲ್ಲ. ಕಳ್ಳ ಮಾಲಿಗೆ ದೂರು ಕೊಡೋ ಹಾಗೂ ಇಲ್ಲ. ಅವನ ವಯಸ್ಸು ಇಪ್ಪತ್ತು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ 21 ತುಂಬದವನಿಗೆ ಒಂದು ಬೀಡಿಯನ್ನೂ ಮಾರೋ ಹಾಗಿಲ್ಲ. ಇದು ಮಾತ್ರ ಅವನಿಗೆ ಸಲೀಸಾಗಿ ಸಿಕ್ಕಿದೆ. ಎಲ್ಲಿ ಅಂತ ಕೇಳಿದೆ, ಹೇಳಲಿಲ್ಲ.

"ಹಾಗಾದ್ರೆ ಸಿಂಗಲ್ಲೇ ಒಳ್ಳೇದಾ ದೊಡ್ಡಪ್ಪಾ?" ಅಂತ ಕೇಳಿದ.

"ಲೋ, ಸಿಂಗಲ್ಲು ಬೇಕಾಗಿದ್ದು ನಿನಗಲ್ಲ ಕಣೋ. ಬಾ ಇಲ್ಲಿ" ಅಂತ ಕೆಳಗೆ ಕರ್ಕೊಂಡು ಹೋಗಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಅಕ್ಕನ ಮನೆಗೆ ಹೋದೆ. ಭಾವ ಜಗುಲಿ ಮೇಲೆ ಕೂತಿದ್ದರು. ಬಾಗಿಲಿಂದ ಗೇಟಿಗೆ ಬರೋ ಹೊತ್ತಿಗೆ ಎರಡು ಸಲ ನಿಂತರು. ಸಿಒಪಿಡಿ ಅಂದಿದ್ದಾರೆ ಡಾಕ್ಟರು. ಬೆಳಗ್ಗೆ, ರಾತ್ರಿ ಇನ್‌ಹೇಲರ್. "ನೋಡಯ್ಯಾ, ಕೊನೆಗೂ ಎಳೆಯೋದು ತಪ್ಪಲಿಲ್ಲ" ಅಂತ ಅದನ್ನೇ ತಮಾಷೆ ಮಾಡ್ತಾರೆ. ಹುಡುಗ ನಗಲಿಲ್ಲ. ಅಕ್ಕ ಒಳಗೆ ಚಾ ಮಾಡೋಕೆ ಹೋದಾಗ ಭಾವ ಮೆಲ್ಲಗೆ ನನ್ನ ಕಡೆ ಬಗ್ಗಿ "ಒಂದು ಬೀಡಿ ಇದ್ಯೇನೋ?" ಅಂದರು. ಹುಡುಗನಿಗೂ ಕೇಳಿಸ್ತು.

ವಾಪಸ್ ಬರುವಾಗ ಅವನು ಡಬ್ಬಿ ವಾಪಸ್ ಕೇಳಲಿಲ್ಲ. ಹೊಸದು ಕೊಳ್ಳಲ್ಲ ಅಂತ ನಾನು ನಂಬಿಲ್ಲ, ನಿಕೋಟಿನ್ ಅಷ್ಟು ಸುಲಭಕ್ಕೆ ಬಿಡೋ ವಸ್ತು ಆಗಿದ್ದರೆ ಧರ್ಮಸ್ಥಳದ ಆಣೆ ಕೊಟ್ಟಿಗೆಹಾರ ದಾಟ್ತಿತ್ತು. ಮುಂದಿನ ವಾರ ಅವನನ್ನು ಒಬ್ಬ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದೀನಿ, ಹೂಂ ಅಂದಿದ್ದಾನೆ. ಅವರಪ್ಪನಿಗೆ ಇನ್ನೂ ಹೇಳಿಲ್ಲ. (ತಮ್ಮಾ, ನೀನು ಇದನ್ನು ಓದ್ತಿದ್ರೆ ಮೊದಲು ನನಗೆ ಫೋನ್ ಮಾಡು.)

ಡಬ್ಬಿ ಈಗ ನನ್ನ ಟೂಲ್ ಬಾಕ್ಸಿನಲ್ಲಿ, 2013ರಲ್ಲಿ ಸೀಳಿದ ಆ ಡ್ಯೂಯೆಲ್ ಕಾರ್ಟೊಮೈಜರಿನ ಪಕ್ಕದಲ್ಲೇ ಇದೆ. ಒಳಗೆ ಲಿಥಿಯಂ ಬ್ಯಾಟರಿ ಇರೋದ್ರಿಂದ ಕಸದ ಗಾಡಿಗೆ ಹಾಕೋ ಹಾಗಿಲ್ಲ, ಎಲ್ಲಾದರೂ ಜಜ್ಜಿಹೋದರೆ ಬೆಂಕಿ. ಶಿವಮೊಗ್ಗದಲ್ಲಿ ಇದನ್ನು ಸರಿಯಾಗಿ ತಗೊಳ್ಳೋ ಜಾಗ ಯಾರಿಗಾದರೂ ಗೊತ್ತಿದ್ರೆ ಕಾಮೆಂಟಿನಲ್ಲಿ ತಿಳಿಸಿ.